ಎರಡು ಸಲ ಅಳೆದವರ ಚುಕ್ಕಿಗಳು

ಕೊರೊನಾ ಮುಗಿದ ಮರುವರ್ಷದ ಮಾತು. ನಾನಾಗ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆ. ಹೆಸರಿಗೆ ಮುಖ್ಯಸ್ಥೆ, ಅಷ್ಟೆ; ವಿಭಾಗದಲ್ಲಿದ್ದದ್ದು ನಾನು ಮತ್ತು ಮೂವರು ತಪಾಸಣೆಗಾರರು. ನೀರಿನ ಪಂಪಿನ ಕೇಸಿಂಗ್, ಅಂದರೆ ಹೊರಕವಚ, ಎರಕ ಹೊಯ್ದು ಬಂದ ಮೇಲೆ ಅದರ ಗೋಡೆಯ ದಪ್ಪವನ್ನು ಅವರು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ನಾನು ಆ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ, ಗ್ರಾಫ್ ಮಾಡಿ ಆಫೀಸಿನ ಮೂಲಕ ಗಿರಾಕಿ ಕಂಪನಿಗೆ ಕಳಿಸುತ್ತಿದ್ದೆ.

ಮೂವರಲ್ಲಿ ಹಿರಿಯರು ದಸ್ತಗೀರ್ ಸಾಬ್ರು. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಉಳಿದಿಬ್ಬರು ಒಂದು ಪೀಸನ್ನು ಒಂದು ಸಲ ಅಳೆದರೆ ಇವರು ಎರಡು ಸಲ ಅಳೆದು ಎರಡನ್ನೂ ಬರೆಯುತ್ತಿದ್ದರು. "ನಮ್ಮ ಉಸ್ತಾದ್ ಕಲ್ಸಿದ್ದು ಹಂಗೆ ಮೇಡಂ. ಒಂದ್ಸಲ ಅಳೆದ್ರೆ ಅಂದಾಜು, ಎರಡ್ಸಲ ಅಳೆದ್ರೆ ಲೆಕ್ಕ" ಎನ್ನುತ್ತಿದ್ದರು. ಎರಡೂ ಅಳತೆ ಹೆಚ್ಚುಕಮ್ಮಿ ಒಂದೇ ಬರುತ್ತಿದ್ದರಿಂದ ಗ್ರಾಫಿನಲ್ಲಿ ಅವರ ಚುಕ್ಕಿಗಳು ಒಂದರ ಮೇಲೊಂದು ಕೂರುತ್ತಿದ್ದವು. ಎರಡೂ ಕಾಣಲಿ ಎಂದು ನಾನು ಅವರ ಚುಕ್ಕಿಗಳಿಗೆ ಮಾತ್ರ ಅರೆಪಾರದರ್ಶಕ ಬಣ್ಣ ಕೊಟ್ಟೆ. ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಆ ಸಲ ಗಿರಾಕಿಯವರು ಗ್ರಾಫ್ ವೆಕ್ಟರ್ ರೂಪದಲ್ಲೇ ಬೇಕು, ಅದೂ ಇಪಿಎಸ್ ಎಂಬ ಬಗೆಯ ಫೈಲೇ ಆಗಬೇಕು ಎಂದರು. ವೆಕ್ಟರ್ ಎಂದರೆ ಫೋಟೊ ಅಲ್ಲ. ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲೊಂದು ಚುಕ್ಕಿ ಇಡು ಎಂಬ ಆದೇಶಗಳ ಪಟ್ಟಿ. ಎಷ್ಟು ಹಿಗ್ಗಿಸಿದರೂ ಚಿತ್ರ ಮಸುಕಾಗುವುದಿಲ್ಲ. ನನ್ನ ಕಂಪ್ಯೂಟರ್ ಲಿನಕ್ಸಿನದು, ಆಫೀಸಿನದು ವಿಂಡೋಸ್, ಗಿರಾಕಿಯವರದು ಮ್ಯಾಕ್. ನಮ್ಮ ಆಫೀಸಿನಲ್ಲಿ ಆ ಫೈಲು ತೆರೆಯಲೇ ಇಲ್ಲ. ತೆರೆಯದಿದ್ದರೇನು, ಅವರಲ್ಲಿ ತೆರೆಯುತ್ತದಲ್ಲ ಎಂದು ಆಫೀಸಿನವರು ಹಾಗೆಯೇ ಕಳಿಸಿಬಿಟ್ಟರು.

ಸೋಮವಾರ ಪತ್ರ ಬಂತು. ಅರವತ್ತು ಪೀಸಿನಲ್ಲಿ ಇಪ್ಪತ್ತಕ್ಕೆ ಅಳತೆಯೇ ಇಲ್ಲ, ಅಳೆಯದೆ ಕಳಿಸಿದವರು ಯಾರು, ಶನಿವಾರದೊಳಗೆ ಉತ್ತರಿಸಿ ಎಂದಿತ್ತು. ಆ ಇಪ್ಪತ್ತೂ ದಸ್ತಗೀರ್ ಸಾಬ್ರ ಪಾಲಿನವು. ಕಾರ್ಖಾನೆಯ ಯಜಮಾನರು ಅವತ್ತೇ ಅವರನ್ನು ಗೇಟಿನಾಚೆ ನಿಲ್ಲಿಸಿದರು.

"ಅಂಕಿ ಪುಸ್ತಕದಲ್ಲಿದೆ ಸರ್, ನನ್ನ ಸ್ಕ್ರೀನಲ್ಲೂ ಇದೆ, ಬಂದು ನೋಡಿ" ಎಂದೆ.

"ಪುಸ್ತಕದಲ್ಲಿ ಯಾವಾಗ ಬೇಕಾದ್ರೂ ಬರೀಬಹುದು. ಅವರಿಗೆ ಹೋದ ಫೈಲಲ್ಲಿ ಇಲ್ವಲ್ಲ! ಪತ್ರ ಬಂದ್ಮೇಲೆ ಸೇರಿಸಿದ್ದಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಶನಿವಾರದೊಳಗೆ ಕಾರಣ ಸಿಗ್ಲಿಲ್ಲ ಅಂದ್ರೆ ಸಾಬ್ರ ಲೆಕ್ಕ ಚುಕ್ತಾ ಮಾಡಿ ಕಳಿಸ್ತೀನಿ."

ಶುರುವಾಯಿತು ನನ್ನ ಪಾಡು. ಎಸ್‌ವಿಜಿ ಎಂಬ ಇನ್ನೊಂದು ವೆಕ್ಟರ್ ಫೈಲು ಮಾಡಿ ವಿಂಡೋಸಿನಲ್ಲಿ ತೆರೆದರೆ ಚುಕ್ಕಿಗಳೆಲ್ಲ ಇದ್ದವು, ಅಕ್ಷರಗಳು ಮಾತ್ರ ಗೆರೆಯ ಮೇಲೆ ಹತ್ತಿ ಕೂತಿದ್ದವು. ಪಿಡಿಎಫ್ ಎಲ್ಲ ಕಡೆ ಸರಿಯಾಗಿ ತೆರೆಯಿತು, ಅದು ಗಿರಾಕಿಗೆ ಬೇಡ! ಮತ್ತೆ ಇಪಿಎಸ್ ಮಾಡಿ, ಮ್ಯಾಕ್ ಇದ್ದ ವಿದ್ಯಾನಗರದ ಡಿಸೈನ್ ಅಂಗಡಿಗೆ ಹೊತ್ತು ಹೋದರೆ ಇಪ್ಪತ್ತು ಪೀಸಿನ ಜಾಗ ಬಟಾಬಯಲು. ವಿಂಡೋಸನ್ನು ಬೈದೆ, ಮ್ಯಾಕನ್ನು ಬೈದೆ, ಇಪಿಎಸ್ಸೇ ಬೇಕೆಂದವರ ವಂಶವನ್ನೂ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಗುರುವಾರ ಬೆಳಿಗ್ಗೆ ನೋಡಿದರೆ ಗೇಟಿನೆದುರಿನ ಟೀ ಅಂಗಡಿಯಲ್ಲಿ ದಸ್ತಗೀರ್ ಸಾಬ್ರು ಕೂತಿದ್ದರು, ಊಟದ ಡಬ್ಬಿಯ ಸಮೇತ. ಕೆಲಸದಿಂದ ನಿಲ್ಲಿಸಿದ್ದಾರೆ ಎಂದು ಮನೆಯಲ್ಲಿ ಹೇಳಿರಲಿಲ್ಲ. ಮೂರು ದಿನದಿಂದ ಅದೇ ಬಸ್ಸಿಗೆ ಬಂದು, ಸಂಜೆ ಅದೇ ಬಸ್ಸಿಗೆ ಹಿಂತಿರುಗುತ್ತಿದ್ದರು.

"ಕೆಲ್ಸ ಹೋದ್ರೆ ಹೋಗ್ಲಿ ಮೇಡಂ. ಅಳೀದೆ ಬರೆದ ಅಂತ ಹೇಳಿಸ್ಕೊಂಡು ಹೋಗ್ಬೇಕಾ? ಎರಡೆರಡು ಸಲ ಅಳ್ದಿದ್ದೇ ತಪ್ಪಾಯ್ತಾ?"

ಒಳಗೆ ಬಂದು ನಾನೇ ಬರೆದ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದಿದೆ. ಮೇಲೆಯೇ ಒಂದು ಸಾಲಿತ್ತು: ಎಚ್ಚರಿಕೆಗಳನ್ನು ತೋರಿಸಬೇಡ. ಅದನ್ನು ಹಾಕಿದವಳು ನಾನೇ. ಸ್ಕ್ರೀನಿನ ಮೇಲೆ ಕೆಂಪು ಅಕ್ಷರ ಕಂಡರೆ ಸಾಕು, ಯಜಮಾನರು "ಏನಾಯ್ತು, ಏನಾಯ್ತು" ಎಂದು ತಲೆ ತಿನ್ನುತ್ತಿದ್ದರು. ಅವರ ಬಾಯಿ ಮುಚ್ಚಿಸಲಾಗದೆ ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದೆ.

ಆ ಸಾಲು ಅಳಿಸಿ ಮತ್ತೆ ಓಡಿಸಿದೆ. ಬಂತು ಕೆಂಪು ಅಕ್ಷರ: ಈ ರೂಪದಲ್ಲಿ ಅರೆಪಾರದರ್ಶಕ ಬಣ್ಣಕ್ಕೆ ಅವಕಾಶವಿಲ್ಲ. ಇಪಿಎಸ್ ಮಾಡುವಾಗ ಅವಕಾಶವಿಲ್ಲದ ಬಣ್ಣವನ್ನು ಪ್ರೋಗ್ರಾಮು ತಿಳಿಯಾಗಿಯೂ ಬರೆಯುವುದಿಲ್ಲ, ಗಾಢವಾಗಿಯೂ ಬರೆಯುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಒಂದೇ ಸಲ ಅಳೆದವರ ಚುಕ್ಕಿ ಗಟ್ಟಿ ಬಣ್ಣದ್ದು, ಉಳಿಯಿತು. ಎರಡು ಸಲ ಅಳೆದವರದು ಹೋಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅರೆಪಾರದರ್ಶಕ ಚುಕ್ಕಿ ತೆಗೆದು ಟೊಳ್ಳು ವೃತ್ತ ಹಾಕಿದೆ. ವಿದ್ಯಾನಗರದ ಮ್ಯಾಕಿನಲ್ಲಿ ನಲವತ್ತು ವೃತ್ತಗಳನ್ನೂ ಬೆರಳಿಟ್ಟು ಎಣಿಸಿದೆ. ತಪ್ಪು ನನ್ನದೆಂದು ಪತ್ರ ಬರೆದು, ಆ ಕೆಂಪು ಸಾಲನ್ನೂ ಲಗತ್ತಿಸಿ ಶುಕ್ರವಾರ ಕಳಿಸಿದೆ. ಶನಿವಾರ ಮಧ್ಯಾಹ್ನ ಒಪ್ಪಿಗೆ ಬಂತು. ಯಜಮಾನರು ಫೈಲಿನಿಂದ ತಲೆ ಎತ್ತದೆ, "ಸರಿ, ನಾಳಿದ್ದಿಂದ ಬರೋಕೆ ಹೇಳಿ" ಎಂದರು. ಅಷ್ಟೇ. ಒಂದು ತಪ್ಪಾಯ್ತು ಎನ್ನುವ ಮಾತಿಗೂ ಅವರಲ್ಲಿ ಬರಗಾಲ.

ಟೀ ಅಂಗಡಿಗೆ ಹೋಗಿ ನಾನೇ ಹೇಳಿದೆ. ತಪ್ಪು ನನ್ನದು ಸಾಬ್ರೇ, ಕ್ಷಮಿಸಿ ಎಂದೆ. ಅವರು ತಲೆಯಾಡಿಸಿ, ಟೀ ಹೇಳಿ, ದುಡ್ಡನ್ನೂ ಅವರೇ ಕೊಟ್ಟರು.

ಎಚ್ಚರಿಕೆ ಕಿರಿಕಿರಿ ಎನಿಸಿದರೂ ಅದನ್ನು ಓದು, ಕಳಿಸುವ ಫೈಲನ್ನು ಪಡೆಯುವವರ ಕಣ್ಣಿನಿಂದ ಒಮ್ಮೆ ನೋಡು: ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂದಿನಿಂದ ನನ್ನ ಯಾವ ಪ್ರೋಗ್ರಾಮಿನಲ್ಲೂ ಆ ಸಾಲಿಲ್ಲ.

ಮುಂದಿನ ತಿಂಗಳ ಗ್ರಾಫಿಗೆ ಟೊಳ್ಳು ವೃತ್ತ ಬೇಕಾಗಲಿಲ್ಲ. ದಸ್ತಗೀರ್ ಸಾಬ್ರ ಪುಸ್ತಕದಲ್ಲಿ ಪ್ರತಿ ಪೀಸಿಗೂ ಒಂದೇ ಅಳತೆ ಇತ್ತು.