ನೋಮ್‌ನಿಂದ ಕಾಟ್ಸೆಬ್ಯೂಗೆ ಐವತ್ತೆರಡು ನಿಮಿಷ

ದೂರದಲ್ಲಿರುವವರ ದನಿ ಕಿವಿಗೆ ಬಿತ್ತು ಎಂದು ಯಾರಾದರೂ ಹೇಳಿದರೆ ನಾನು ಮಾತು ಬದಲಿಸುತ್ತಿದ್ದೆ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು ನಾನು. ಅಷ್ಟು ಕಷ್ಟಪಟ್ಟು ಕಲಿತ ಮೇಲೆ ಇಂಥದ್ದನ್ನೆಲ್ಲ ನಂಬಬಾರದು ಎಂದುಕೊಂಡಿದ್ದೆ. ಈಗಲೂ ನಂಬುತ್ತೇನೆ ಅಂತಲ್ಲ. ನಡೆದದ್ದನ್ನು ಬರೆಯುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ನನ್ನ ಹೆಂಡತಿ ಸುಜಾತ ನರ್ಸು. ಆ ಚಳಿಗಾಲ ಮೂರು ತಿಂಗಳ ಕೆಲಸಕ್ಕೆ ಅಲಾಸ್ಕಾದ ನೋಮ್ ಎಂಬ ಊರಿಗೆ ಹೋಗಿದ್ದಳು. ಅಲ್ಲಿಂದ ಆಗಾಗ ಇನ್ನೂ ಉತ್ತರದ ಕಾಟ್ಸೆಬ್ಯೂಗೆ ಹೋಗಬೇಕು. ರಸ್ತೆಯಿಲ್ಲ, ಸಣ್ಣ ವಿಮಾನವೇ ಗತಿ. ನಾನು ಮಗಳು ನವ್ಯಳ ಜೊತೆ ಮೌಂಟನ್ ವ್ಯೂನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಉಳಿದಿದ್ದೆ.

ಮೊದಲ ಸಲ ಹೋಗಿ ಬಂದವಳು ಫೋನಿನಲ್ಲಿ ನಗುತ್ತಾ ಹೇಳಿದಳು: "ಎಲ್ಲರೆದುರೇ ನನ್ ತೂಕ ಕೇಳಿದ್ರು ರೀ. ಆಮೇಲೆ ಮುಂದುಗಡೆ, ಪೈಲಟ್ ಪಕ್ಕದ ಸೀಟಲ್ಲೇ ಕೂರ್ಸಿದ್ರು."

ವಿಮಾನ ವಾಲದಂತೆ ತೂಕ ನೋಡಿ ಕೂರಿಸುವುದು ಅಲ್ಲಿಯ ಪದ್ಧತಿಯಂತೆ. ನನಗೆ ಅದು ತಲೆಗೆ ಹೋಗಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾದರೂ ನಾನೇ ಕೇಳದ ತೂಕವನ್ನು ಯಾವನೋ ಪೈಲಟ್ ಕೇಳಿದನಲ್ಲ ಎಂಬುದೊಂದೇ ಉಳಿಯಿತು. ಆಮೇಲೂ ಅವಳಿಗೆ ಅದೇ ಸೀಟು, ಅವನೇ ಪೈಲಟ್. ಒಳ್ಳೆಯವನು, ಕೆಳಗಿನ ಗುಡ್ಡಗಳ ಹೆಸರೆಲ್ಲ ಹೇಳುತ್ತಾನೆ ಎಂದಳು.

ಅಲ್ಲಿಂದ ನಾನು ನಿಮಿಷ ಎಣಿಸತೊಡಗಿದೆ. ಎರಡು ಊರಿನ ಹೆಸರು ಹಾಕಿದರೆ ದೂರ ತೋರಿಸುವ ವೆಬ್‌ಸೈಟೊಂದು ಸಿಕ್ಕಿತು. ನೂರೆಂಬತ್ಮೂರು ಮೈಲಿ, ಐವತ್ತೆರಡು ನಿಮಿಷ. ಅವಳಿಗೆ ಮಾತ್ರ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಆ ಲೆಕ್ಕ ದೊಡ್ಡ ಜೆಟ್ ವಿಮಾನದ್ದು ಎಂದು ಗೊತ್ತಾಗಿದ್ದು ಬಹಳ ತಡವಾಗಿ. ಉಳಿದ ನಿಮಿಷಗಳು ಎಲ್ಲಿ ಹೋದವು ಎಂದು ನಾನು ಕೆಲಸ ಮಾಡುವ ಗ್ರೋಸರಿ ಅಂಗಡಿಯಲ್ಲಿ ಅಕ್ಕಿ ಚೀಲ ಜೋಡಿಸುವಾಗಲೂ ಕುದಿಯುತ್ತಿದ್ದೆ. ಅವಳನ್ನು ಕೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಹೊರಡುತ್ತಿದ್ದೇನೆ ಎಂದು ಅವಳ ಮೆಸೇಜು ಬಂತು. ಎರಡು ಗಂಟೆ ಕಳೆದರೂ ತಲುಪಿದ ಸುದ್ದಿಯಿಲ್ಲ. ಫೋನು ಹಿಡಿದು ಕೂತೇ ಇದ್ದೆ. ಆಗ ಅವಳ ಕರೆ ಬಂತು. ಹಿಂದೆ ಇಂಜಿನ್ನಿನ ಸದ್ದು.

"ಏನೂ ಕಾಣ್ತಿಲ್ಲ ರೀ, ಬರೀ ಬಿಳಿ. ಏನಾದ್ರೂ ಮಾತಾಡ್ತಾ ಇರಿ."

"ಪಕ್ಕದಲ್ಲಿ ಯಾರು? ಅವನೇನಾ?" ಎಂದೆ ನಾನು. ಸದ್ದು ನಿಂತುಹೋಯಿತು.

ಎದುರಿಗೆ ಹೋಮ್‌ವರ್ಕು ಮಾಡುತ್ತಿದ್ದ ನವ್ಯ ತಲೆಯೆತ್ತಿದಳು. "ಹೂ ಆರ್ ಯು ಟಾಕಿಂಗ್ ಟು, ಅಪ್ಪಾ? ರಿಂಗೇ ಆಗಿಲ್ವಲ್ಲ."

ನೋಡಿದೆ. ಬಂದ ಕರೆಗಳ ಪಟ್ಟಿಯಲ್ಲಿ ಸುಜಾತಳ ಹೆಸರಿರಲಿಲ್ಲ.

ಇನ್ನೊಂದು ಗಂಟೆಯ ಮೇಲೆ ನಿಜವಾಗಿಯೂ ಫೋನು ಬಂತು, ನವ್ಯಳಿಗೂ ಕೇಳಿಸಿತು. ಹಿಮಗಾಳಿಗೆ ಸಿಕ್ಕ ವಿಮಾನ ಹೇಗೋ ನೋಮ್‌ಗೇ ಹಿಂದಿರುಗಿತ್ತಂತೆ. ಸುಜಾತಳ ಫೋನು ಹಿಂದಿಟ್ಟ ಬ್ಯಾಗಿನಲ್ಲಿತ್ತು. ಕೈಯಲ್ಲಿದ್ದರೂ ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಇನ್ನು ಮುಗಿಯಿತು ಎಂದು ಕಣ್ಣು ಮುಚ್ಚಿ, ಏನಾದರೂ ಮಾತಾಡಿ ಎಂದು ಮನಸ್ಸಿನಲ್ಲೇ ನನ್ನನ್ನು ಕೇಳಿಕೊಂಡಳಂತೆ.

"ನಿಮ್ ದನಿ ಕೇಳಿಸ್ದಂಗಾಯ್ತು ರೀ. ಪಕ್ಕದಲ್ಲಿ ಯಾರು ಅಂತ ಕೇಳಿದ್ರಿ. ಅಂಥಾ ಹೊತ್ತಲ್ಲಿ ನೀವು ಹಂಗ್ ಕೇಳೋರಲ್ಲ, ಅಲ್ವಾ?"

"ಅಲ್ಲ" ಎಂದೆ.

ಅವಳು ನಂಬಿದಳು. ಇಲ್ಲಿ ಸೋಫಾದ ಮೇಲೆ ಕೂತು ನಾನಾಡಿದ ಮಾತು ಅಲ್ಲಿಗೆ ಹೇಗೆ ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಬರೆದು ಮೊದಲು ಅವಳಿಗೇ ಓದಲು ಕೊಡಬೇಕು ಎಂದುಕೊಂಡಿದ್ದೆ. ಬರೆದು ಮುಗಿಸಿ ನಾಲ್ಕು ದಿನವಾಯಿತು. ಇನ್ನೂ ಕೊಟ್ಟಿಲ್ಲ.