ಪ್ರಾಣಿಯ ಉಸಿರು

ಆಸ್ಟ್ರೇಲಿಯಾದ ಬೆಂಡಿಗೋದ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಮರ್ವಿನ್ ಟ್ರೆಂಬಾತ್‌ನ ಕಣ್ಣುಗಳನ್ನು ಸಕ್ಕರೆ ಕಾಯಿಲೆ ತಿಂದುಹಾಕಿತು. ಗಣಿಗೂ ಮನೆಗೂ ಈಗ ವ್ಯತ್ಯಾಸವಿಲ್ಲ, ಮನೆಯಲ್ಲಿ ಸಂಬಳ ಕೊಡುವುದಿಲ್ಲ ಅಷ್ಟೇ ಎನ್ನುತ್ತಿದ್ದ. ಮಗಳು ಅವನಿಗೆ ಟೀ ಕೆಟಲ್ ಮುಟ್ಟಲೂ ಬಿಡುತ್ತಿರಲಿಲ್ಲ. ನಮಗೆಲ್ಲ ಅವನು ಮರ್ವ್. ಗುರುವಾರ ಮಾತ್ರ ನಮ್ಮ ಗೇಮ್ ಸ್ಟುಡಿಯೊಗೆ ಬರುತ್ತಿದ್ದ.

ನಾವು ನಾಲ್ಕು ಜನ ಸೇರಿ ಒಂದು ವಿಡಿಯೊ ಗೇಮ್ ಮಾಡುತ್ತಿದ್ದೆವು. ಪರದೆ ತುಂಬ ಕತ್ತಲೆ. ಆಡುವವನು ಗಣಿಯೊಳಗೆ ಸಿಕ್ಕಿಕೊಂಡಿದ್ದಾನೆ, ಒಂದು ಪ್ರಾಣಿ ಅವನನ್ನು ಹುಡುಕುತ್ತಿದೆ. ಶಬ್ದದ ಕೆಲಸ ನನ್ನದು. ಗಣಿಯವರು ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಗಟ್ಟಿ, ಡೊಬ್ ಎಂದರೆ ಕಾಲಿಗೆ ಬುದ್ಧಿ ಹೇಳಬೇಕು. ಇದನ್ನು ನಮಗೆ ಕಲಿಸಿದವನು ಮರ್ವ್. ಹಾಗಾಗಿ ಗೇಮಿನಲ್ಲೂ ತಟ್ಟಿಯೇ ದಾರಿ ತಿಳಿಯಬೇಕು. ಆದರೆ ತಟ್ಟಿದ್ದು ಪ್ರಾಣಿಗೂ ಕೇಳುತ್ತದೆ.

ಕಣ್ಣಿದ್ದ ನಾವೆಲ್ಲ ಎರಡೇ ನಿಮಿಷಕ್ಕೆ ಸಾಯುತ್ತಿದ್ದೆವು. ಮರ್ವ್ ಹೆಡ್‌ಫೋನ್ ಹಾಕಿ ಕೂತರೆ ಗಣಿಯವರ ಬುತ್ತಿಯಾದ ಪ್ಯಾಸ್ಟಿ ಎಂಬ ಮಾಂಸದ ಕಡುಬು ತಿನ್ನುತ್ತಲೇ ಗಣಿಯಿಂದ ಹೊರಗೆ ಬರುತ್ತಿದ್ದ. ವಾರದಲ್ಲಿ ಅದೊಂದು ದಿನ ಅವನ ಕೈಹಿಡಿದು ಯಾರೂ ನಡೆಸುತ್ತಿರಲಿಲ್ಲ. ಅವನೇ ನಮ್ಮನ್ನು ನಡೆಸುತ್ತಿದ್ದ. ಆ ದಿನಕ್ಕಾಗಿಯೇ ಬದುಕಿದ್ದೇನೆ ಎಂದು ಒಮ್ಮೆ ನನ್ನೆದುರು ಹೇಳಿದ್ದ.

ಜಂಬ ಯಾರಿಗಿಲ್ಲ? ಕೊನೆಯ ಅಭಿಪ್ರಾಯ ಕೇಳಿದಾಗ, ಇದು ತೀರ ಸುಲಭ, ಪ್ರಾಣಿಯ ಉಸಿರು ಮೂರು ಸುರಂಗದಾಚೆಗೇ ಕೇಳುತ್ತದೆ ಎಂದುಬಿಟ್ಟ. ನಮ್ಮ ಯಜಮಾನಿ ಹೆಸ್ಟರ್ ಅದನ್ನು ವೇದವಾಕ್ಯವೆಂದು ಹಿಡಿದಳು. ಉಸಿರು ಬೇಡ, ಬದಲಿಗೆ ಕತ್ತಲಲ್ಲಿ ಮಂಕಾಗಿ ಹೊಳೆಯುವ ಎರಡು ಕಣ್ಣು ಇರಲಿ ಎಂದಳು. ಉಸಿರನ್ನು ತೆಗೆದವನು ನಾನು. ಮರ್ವ್‌ಗೆ ಏನಾದೀತೆಂದು ನನಗೆ ಹೊಳೆಯಲೇ ಇಲ್ಲ. ಕಣ್ಣಿದ್ದೂ ಕುರುಡ ಎನ್ನುವುದು ನನ್ನಂಥವನಿಗೇ.

ಮುಂದಿನ ಗುರುವಾರ ಅವನು ಕೂತ. ತಟ್ಟಿದ, ಸತ್ತ. ಮತ್ತೆ ತಟ್ಟಿದ, ಸತ್ತ. ಏಳನೆಯ ಸಲಕ್ಕೆ ಪ್ಯಾಸ್ಟಿಯನ್ನು ಪಕ್ಕಕ್ಕಿಟ್ಟ.

"ಅದರ ಉಸಿರೆಲ್ಲಿ ಹೋಯ್ತೋ, ಮಗಾ?"

"ತೆಗೆದೆ. ಸುಲಭ ಅಂದಿದ್ದು ನೀನೇ ಅಲ್ವಾ, ಮರ್ವ್. ಈಗ ಅದರ ಕಣ್ಣು ಹೊಳೆಯುತ್ತೆ."

ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಸುಲಭ ಅಂದೆ. ನಂಗೆ ಅನ್ನೋದನ್ನ ಹೇಳೋಕೆ ಮರೆತೆ."

ಉಸಿರು ವಾಪಸ್ ಹಾಕೋಣ ಎಂದು ಹೆಸ್ಟರ್‌ಳನ್ನು ಬೇಡಿಕೊಂಡೆ. ಆಡಿ ನೋಡಿದವರೆಲ್ಲ ಮೆಚ್ಚಿದ್ದಾರೆ, ಇನ್ನು ಮುಟ್ಟಬೇಡ ಎಂದಳು. ಮರ್ವ್ ಮತ್ತೆ ಸ್ಟುಡಿಯೊ ಕಡೆಗೆ ಬರಲಿಲ್ಲ.

ಗೇಮ್ ಬಿಡುಗಡೆಯಾದ ದಿನ ಲ್ಯಾಪ್‌ಟಾಪ್ ಹಿಡಿದು ಅವನ ಮನೆಗೆ ಹೋದೆ. ಗೇಮಿನ ಕೊನೆಯಲ್ಲಿ ನಿನ್ನ ಹೆಸರೂ ಹಾಕಿದ್ದೇವೆ ಎಂದೆ.

"ಎಲ್ಲಿ, ಕೇಳಿಸು," ಎಂದ.

ಪರದೆಯ ಮೇಲೆ ಹೆಸರುಗಳು ಸದ್ದಿಲ್ಲದೆ ಮೇಲೇರಿ ಹೋಗುತ್ತಿದ್ದವು. ನಾನೇ ಓದಿ ಹೇಳಿದೆ. ನನ್ನ ದನಿ ನಡುಗಿದ್ದು ಆ ಕಿವಿಗಳಿಗೆ ಕೇಳಿಸದೆ ಇರಲಿಲ್ಲ.