ಒರತೆಯ ಬಳಿ ಒಂದು ಗಂಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ಬುಡದಲ್ಲಿ, ಬಸ್ ನಿಲ್ದಾಣದ ಎದುರಿಗಿರುವ ಒಂದೇ ಬಾಗಿಲಿನ ಟ್ರಾವೆಲ್ ಆಫೀಸಿನೊಳಗೆ ಸ್ವೆಟರಿನ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಗೋಡೆಯ ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದಾರೆ. ಬೆರಳು ತಾಗಿ ತಾಗಿ ಘಟ್ಟದ ದಾರಿಯುದ್ದಕ್ಕೂ ನಕ್ಷೆಯ ಬಣ್ಣವೇ ಎದ್ದುಹೋಗಿದೆ.

"ವಾಂತಿ ಬರೋರನ್ನ ಮುಂದೆ ಕೂರಿಸಿ. ಹೊಟ್ಟೆ ಬಿರಿಯ ತಿನ್ಬೇಡಿ, ಖಾಲೀನೂ ಇಟ್ಕೋಬೇಡಿ. ಹತ್ತುವಾಗ ಎಡಗಡೆಯವರಿಗೆ ಕಣಿವೆ, ಬಲಗಡೆಯವರಿಗೆ ಬರೀ ಬಂಡೆ. ಅದಕ್ಕೆ ಜಗಳ ಬೇಡ, ಇಳಿಯುವಾಗ ತಾನಾಗೇ ಅದಲುಬದಲಾಗುತ್ತೆ."

ಡ್ರೈವರುಗಳ ಬಾಯಲ್ಲಿ ಇವರು ತಿರುವಮ್ಮ. ಬೆಟ್ಟವನ್ನು ಹಿಂದೆಂದೂ ನೋಡದವರಿಗೆ ಕಾರಿನ ಪ್ರಯಾಣ ಹೊಂದಿಸಿಕೊಡುವುದು ಇವರ ಕೆಲಸ. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಲೇಬಾರದು ಎಂಬುದೆಲ್ಲ ಇವರ ನಾಲಿಗೆಯ ತುದಿಯಲ್ಲಿದೆ. ಸೀಸನ್ನಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಾರುಗಳು ಇವರ ಮಾತು ನಂಬಿ ಹತ್ತಿಳಿಯುತ್ತವೆ. ಮೊದಲ ಸಲ ಬರುವವರಿಗೆ ಎಲ್ಲವೂ ಒಂದೇ ದಿನದಲ್ಲಿ ಬೇಕು. ದೂರದ ಬೆಟ್ಟ ನುಣ್ಣಗೆ ಎಂಬುದು ಅವರಿಗೆ ಗೊತ್ತಾಗುವುದು ಹತ್ತನೇ ತಿರುವಿನಲ್ಲಿ, ಕಿಟಕಿಯಿಂದ ತಲೆ ಹೊರಹಾಕಿದಾಗ.

ಗಂಡ ಇದೇ ರಸ್ತೆಯಲ್ಲಿ ಡ್ರೈವರ್ ಆಗಿದ್ದರು. ಅವರು ಕಾಯಿಲೆಯಿಂದ ತೀರಿಕೊಂಡ ಮೇಲೆ ತಿರುವಮ್ಮ ಈ ಮೇಜಿಗೆ ಬಂದು ಕೂತರು. "ಸ್ಟೀರಿಂಗ್ ಮುಟ್ಟದೋಳು ನಮಗೆ ದಾರಿ ಹೇಳ್ತಾಳಾ ಅಂತ ನಗೋರು," ಎನ್ನುತ್ತಾರೆ. ಹಟಕ್ಕೆ ಬಿದ್ದು ಸರಕಿನ ಲಾರಿಗಳಲ್ಲಿ ಹತ್ತಿಳಿದು ದಾರಿ ಕಲಿತರು. ಕಲಿತದ್ದನ್ನು ನಾಲ್ಕು ಜನಕ್ಕೆ ತೋರಿಸುವ ಹುಮ್ಮಸ್ಸೂ ಬಂತು. ಆ ಹುಮ್ಮಸ್ಸೇ ಅವರಿಗೆ ಮುಳುವಾಯಿತು.

ತಾಯಿಯಿಲ್ಲದ ತಿರುವಮ್ಮನಿಗೆ ಜಡೆ ಹೆಣೆದು ಬೆಳೆಸಿದ ಅಕ್ಕ, ಬಯಲು ಸೀಮೆಯಿಂದ ಮೊದಲ ಸಲ ಬಂದಿದ್ದರು. ತಂಗಿ ಕಾರು ಗೊತ್ತುಮಾಡಿ, ಕಂಡ ಜಾಗಗಳನ್ನೆಲ್ಲ ಸೇರಿಸಿ ಭರ್ಜರಿ ಪ್ರಯಾಣ ಹೊಂದಿಸಿದರು. ಮೂರನೇ ತಿರುವಿನಲ್ಲಿ ಬಂಡೆಯ ಸಂದಿಯಿಂದ ನೀರು ಜಿನುಗುವ ಒರತೆಯೊಂದಿದೆ. ಅಲ್ಲಿ ಅಕ್ಕ ಕೇಳಿದರು: "ಇಲ್ಲೇ ಸ್ವಲ್ಪ ಕೂರೋಣ್ವೇನೆ? ನಿಂಗೊಂದು ಮಾತು ಹೇಳ್ಬೇಕಿತ್ತು."

"ಮುಂದೆ ಇನ್ನೂ ಚೆನ್ನಾಗಿದೆ, ಬಾರೇ. ಅಲ್ಲೇ ಹೇಳುವಂತೆ," ಎಂದರು ತಂಗಿ.

ಮುಂದೆ ಮಂಜು ಕವಿಯಿತು, ಜನ ಮುತ್ತಿಕೊಂಡರು, ಕಾರು ನಿಲ್ಲಿಸಲೂ ಜಾಗ ಸಿಗಲಿಲ್ಲ. ಮರುದಿನ ಊರಿಗೆ ಹೊರಟ ಅಕ್ಕ ಬಸ್ಸಿನ ಕಿಟಕಿಯಿಂದ ನಕ್ಕು, "ಎಲ್ಲ ನೋಡ್ದೆ ಕಣೇ, ನಿನ್ನೊಬ್ಬಳನ್ನ ಬಿಟ್ಟು," ಎಂದರು. ಏನು ಹೇಳಬೇಕಿತ್ತು ಎಂದು ತಂಗಿ ಕೇಳಿದ್ದಕ್ಕೆ, "ಬಿಡು, ಇನ್ನೊಂದ್ಸಲ ಬಂದಾಗ ಹೇಳ್ತೀನಿ," ಎಂದರು. ಆ ಇನ್ನೊಂದು ಸಲ ಬರಲೇ ಇಲ್ಲ. ಆ ಮಳೆಗಾಲದಲ್ಲೇ ಅಕ್ಕನಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು, ಮಾತೂ ನಿಂತಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಈಗ ತಿರುವಮ್ಮ ಹೊಂದಿಸುವ ಪ್ರತಿ ಪ್ರಯಾಣದಲ್ಲೂ ಒರತೆಯ ಬಳಿ ಒಂದು ಗಂಟೆ ಖಾಲಿ ಇರುತ್ತದೆ. ಅಲ್ಲಿ ನೋಡೋಕೆ ಏನಿದೆ ಎಂದು ಗಿರಾಕಿಗಳು ಕೇಳಿದರೆ ಉತ್ತರ ಒಂದೇ: "ಏನೂ ಇಲ್ಲ. ಸುಮ್ನೆ ಕೂತ್ಕೊಳ್ಳಿ."

ಆಫೀಸಿನ ಮಾಲೀಕರಿಗೆ ಇದು ತಲೆನೋವು. "ಆ ಒಂದು ಗಂಟೇಲಿ ಎರಡು ಜಾಗ ತೋರಿಸಬಹುದು. ಹೇಳಿ ಹೇಳಿ ನನ್ನ ಬಾಯಿ ಬಿದ್ದೋಯ್ತು," ಎಂದು ಗೊಣಗುತ್ತಾರೆ. ಹಾಗಂತ ಆ ಗಂಟೆಗೆ ಕೈ ಹಾಕುವ ಧೈರ್ಯವನ್ನು ಅವರೂ ಮಾಡಿಲ್ಲ.

ಇಷ್ಟರಿಂದ ತಿರುವಮ್ಮನ ಸಂಕಟವೇನೂ ಕರಗಿಲ್ಲ. "ಕಷ್ಟ ಹೇಳಕ್ಕೆ ಬಂದಿದ್ಲೋ, ಸುಖ ಹೇಳಕ್ಕೆ ಬಂದಿದ್ಲೋ. ಭಾವನ್ನ ಕೇಳ್ದೆ, ಅವ್ರಿಗೂ ಗೊತ್ತಿಲ್ಲ. ಊರೋರಿಗೆಲ್ಲ ಎಲ್ಲಿ ನಿಲ್ಬೇಕು ಅಂತ ಹೇಳ್ತೀನಿ. ನನ್ನಕ್ಕ ನಿಲ್ಲು ಅಂದಾಗ ನಾನು ನಿಲ್ಲಲಿಲ್ಲ."

ಸೀಸನ್ ಮುಗಿದ ಕೂಡಲೇ ಅವರು ಅಕ್ಕನ ಮನೆಗೆ ಹೊರಡುತ್ತಾರೆ. ಅಲ್ಲಿ ಎಷ್ಟು ದಿನ ಇರುತ್ತೀರಿ ಎಂದು ಕೇಳಿದರೆ, ಬಡಿದುಕೊಳ್ಳುತ್ತಿರುವ ಫೋನನ್ನು ಮೇಜಿನ ಮೇಲೆ ಮಗುಚಿ ಇಡುತ್ತಾರೆ.

"ಈಗೀಗ ಒಂದೊಂದೇ ಅಕ್ಷರ ಕೂಡಿಸ್ತಾಳಂತೆ. 'ನೀರು' ಅನ್ನೋಕೆ ಅರ್ಧ ಬೆಳಗು ಬೇಕಂತೆ. ಆಗ್ಲಿ. ಈ ಸಲ ನಾನು ಎದ್ದು ಹೋಗಲ್ಲ."